‘ಇರಿ, ನೋಡ್ತೀನಿ’ ಎಂದ ಫೋನು

ಮೊದಲೇ ಹೇಳಿಬಿಡುತ್ತೇನೆ, ಆ ಫೋನಿಗೆ ಮಾತು ಕಲಿಸಿದ ಪೆದ್ದ ನಾನೇ. ಊರಿಗೊಂದಿದ್ದ ಮೊಬೈಲು ಮನೆಗೊಂದಾಗಿದ್ದ ಕಾಲ. ಹುಣಸೂರಿನಲ್ಲಿ ಒಬ್ಬ ದನದ ಡಾಕ್ಟರ ಖಾಸಗಿ ಕ್ಲಿನಿಕ್ಕಿನಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಬಸ್ ಕಂಡಕ್ಟರಿಂದ ಹಿಡಿದು ಹುಡುಗಿಯರೆದುರು ತೊದಲುವ ನನ್ನವರೆಗೆ ಎಲ್ಲರನ್ನೂ ಅಣಕಿಸುವುದು ನನ್ನ ಚಟ. ಡಾಕ್ಟರೂ ಬಚಾವಾಗಿರಲಿಲ್ಲ.

ಕಂಪ್ಯೂಟರಿಗೆ ಒಂದು ಫೋನು ಸಿಕ್ಕಿಸಿ, ಬಂದ ಮೆಸೇಜಿಗೆ ತಾನೇ ಉತ್ತರ ಕೊಡುವಂತೆ ಮಾಡಿದ್ದೆ. ಅದು ನೋಡುತ್ತಿದ್ದದ್ದು ಮೊದಲ ಪದ ಮಾತ್ರ. ‘ಲಸಿಕೆ’ ಎಂದಿದ್ದರೆ ಲಸಿಕೆಯ ದಿನ ತಿಳಿಸುತ್ತಿತ್ತು, ಬೇರೇನಿದ್ದರೂ ಡಾಕ್ಟರ ಸ್ವಂತ ಫೋನಿಗೆ ದಾಟಿಸುತ್ತಿತ್ತು.

ನಮ್ಮ ಕಡೆಯವರು ಮೊದಲ ಮಾತಿಗೇ ಕಷ್ಟ ಹೇಳುವವರಲ್ಲ. ‘ಊಟ ಆಯ್ತಾ ಸಾರ್’ ಅಂದ ಮೇಲೇ ಉಳಿದದ್ದು.

“ಏನ್ಲಾ ಇದು, ದಿನಾ ನನ್ನ ಊಟ ವಿಚಾರಿಸ್ತಾರೆ! ಏನಾರಾ ಮಾಡ್ಲಾ,” ಎಂದು ಡಾಕ್ಟರು ಗೊಣಗಿದರು.

ಮಾಡಿದೆ. ‘ಊಟ’ ಎಂದು ಶುರುವಾದದ್ದೆಲ್ಲ ಅವರ ಫೋನಿಗೆ ಹೋಗದಂತೆ ತಿರುಗಿಸಿ, ಅವರದೇ ಧಾಟಿಯಲ್ಲಿ ಉತ್ತರ ಬರೆದಿಟ್ಟೆ: ‘ಆಯ್ತು ಕಣ್ರೀ, ನಿಮ್ದು? ಇರಿ, ನೋಡ್ತೀನಿ.’ ಓದಿ ಡಾಕ್ಟರೇ ನಕ್ಕಿದ್ದರು.

ಒಂದು ಮಧ್ಯಾಹ್ನ ಬಿಳಿಕೆರೆ ಪಕ್ಕದ ಹಳ್ಳಿಯ ಹೆಂಗಸೊಬ್ಬರು ಆಟೋದಿಂದಿಳಿದು ಓಡಿಬಂದರು.

“ನೋಡ್ತೀನಿ ಅಂದ್ಬುಟ್ಟು ಇಲ್ಲೇ ಕುಂತಿದ್ದೀರಲ್ಲ ಸಾರ್!”

ಡಾಕ್ಟರು ಕಕ್ಕಾಬಿಕ್ಕಿಯಾದರು. ಆಕೆಯ ಫೋನಿನಲ್ಲಿತ್ತು: ‘ಊಟ ಆಯ್ತಾ ಸಾರ್. ಹಸ ಬೆಳಗ್ಗಿಂದ ತಿಣುಕ್ತಾ ಅದೆ, ಕರ ಬತ್ತಾ ಇಲ್ಲ.’ ಕೆಳಗೆ ನನ್ನ ಉತ್ತರ. ‘ಊಟ ಮುಗೀತಾ ಸಾರ್’ ಎಂದೇ ಶುರುಮಾಡಿ ಮತ್ತೆ ಕೇಳಿದ್ದರು, ಮತ್ತೆ ಅದೇ ಉತ್ತರ.

ಅದೇ ಆಟೋದಲ್ಲಿ ಮೂವರೂ ಹೋದೆವು. ಡಾಕ್ಟರು ತೋಳೇರಿಸಿ ಬಹಳ ಹೊತ್ತು ಹೆಣಗಿದರು. ಹಸು ಉಳಿಯಿತು. ಕರು ಹೊರಬಂದಾಗ ಉಸಿರಿರಲಿಲ್ಲ. ಒದ್ದೆ ಮೈಯನ್ನು ಹಸು ನೆಕ್ಕುತ್ತಲೇ ಇತ್ತು.

ಸುಮ್ಮನಿರಬೇಕಿತ್ತು. ನನ್ನ ಬಾಯಿ ಕೇಳಬೇಕಲ್ಲ.

“ಅಕ್ಕಾ, ಆ ಉತ್ತರ ಡಾಕ್ಟ್ರು ಕೊಟ್ಟಿದ್ದಲ್ಲ ಕಣಕ್ಕ, ಮಿಷನ್ನು. ನಾನು ಬರ್ದಿಟ್ಟಿದ್ನ ಅದು ಕಳಿಸ್ತದೆ ಅಷ್ಟೆ.”

ಆಕೆ ಹಸುವಿನ ಬೆನ್ನ ಮೇಲಿಟ್ಟ ಕೈ ತೆಗೆಯಲಿಲ್ಲ.

“ಮಿಷನ್ನು ಮಿಷನ್ನಂಗೇ ಮಾತಾಡಿದ್ರೆ ನಾನು ಆಗ್ಲೇ ಆಟೋ ಹತ್ತಿರ್ತಿದ್ದೆ ಕಣಪ್ಪ. ನೀನು ಮನ್ಸ ಮಾತಾಡ್ದಂಗೆ ಮಾತಾಡ್ಸಿದ್ದೆ, ಅದ್ಕೇ ಕಾದೆ.”