ಎಡಕ್ಕೆ ಸರಿಸಿದರೆ ಏರುವ ದನಿ

ಗೀಸರ್ ಹಾಕುವುದು. ಬಾಗಿಲ ಮುಂದೆ ನೀರು ಚಿಮುಕಿಸಿ ರಂಗೋಲಿಯ ನಾಲ್ಕು ಗೆರೆ ಎಳೆಯುವುದು. ಹಾಲು ಕಾಯಿಸುವುದು. ಅತ್ತೆ ಎದ್ದಾಗ ಬೇಕೆಂದು ಫ್ಲಾಸ್ಕಿಗೆ ಬಿಸಿನೀರು, ಪಕ್ಕದಲ್ಲಿ ಗುಳಿಗೆ. ಮಗಳು ಪಿಂಕಿಯ ಡಬ್ಬಿಗೆ ಚಪಾತಿ, ಪಲ್ಯ. ಗಂಡನ ಅಂಗಿಗೆ ಇಸ್ತ್ರಿ. ಕೊನೆಗೆ, ಮನೆ ಏಳುವ ಮೊದಲು, ಅಡುಗೆಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಡಿಜೆ ಪೆಟ್ಟಿಗೆಯನ್ನು ಗಂಡನ ಕೈಗೆ ಹೊಂದಿಸಿಡುವುದು.

ಕೂಕಟ್‌ಪಲ್ಲಿಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ ನೀಲಾಳ ಬೆಳಗು ಹೀಗೆ. ಮೊದಲಿನವನ್ನೆಲ್ಲ ಮನೆಗೆಲಸ ಎನ್ನುತ್ತಾರೆ. ಕೊನೆಯದಕ್ಕೆ ಆ ಹೆಸರೂ ಇಲ್ಲ. ಯಾರಾದರೂ ಕೇಳಿದರೆ ಗಂಡ ಶರಣಕುಮಾರ, "ಡಿಜೆ ನಾನಽ ರೀ. ಆಕಿ ಬರೇ ವೈರ್ ಜೋಡಸ್ತಾಳ" ಎನ್ನುತ್ತಾನೆ.

ಪೆಟ್ಟಿಗೆ ಎಂದರೆ ಹೋಳಿಗೆಯ ಮಣೆಯಷ್ಟಗಲದ ಮಿಡಿ ಕಂಟ್ರೋಲರ್. ಅದರಲ್ಲಿ ಹಾಡೂ ಇಲ್ಲ, ದನಿಯೂ ಇಲ್ಲ, ಸರಿಸುವ ಗುಂಡಿಗಳಷ್ಟೇ. ಯಾವುದನ್ನು ಸರಿಸಿದರೆ ಲ್ಯಾಪ್‌ಟಾಪಿನ ಯಾವ ಹಾಡು ಏರಬೇಕು ಎಂಬುದನ್ನು ಒಂದೊಂದಾಗಿ ಕಲಿಸಬೇಕು. ಪರದೆಯಲ್ಲಿ ಆ ಹಾಡಿನ ವಾಲ್ಯೂಮ್ ಮುಟ್ಟಿ, ಪೆಟ್ಟಿಗೆಯ ಗುಂಡಿ ಒಮ್ಮೆ ಅಲುಗಿಸಿದರೆ ಎರಡಕ್ಕೂ ಗಂಟು ಬೀಳುತ್ತದೆ. ಎಲ್ಲಕ್ಕಿಂತ ಕೆಳಗೆ ಅಡ್ಡಕ್ಕೊಂದು ಗುಂಡಿ ಇದೆ, ಕ್ರಾಸ್‌ಫೇಡರ್. ಅದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆದರೆ ನಡೆಯುತ್ತಿದ್ದ ಹಾಡು ಇಳಿಯುತ್ತದೆ, ಮುಂದಿನದು ಏರುತ್ತದೆ. ಪಿಂಕಿ ಹುಟ್ಟುವವರೆಗೆ ನೀಲಾ ಅಮೀರ್‌ಪೇಟ್‌ನ ಒಂದು ಡಿಜೆ ತರಬೇತಿ ಸಂಸ್ಥೆಯಲ್ಲಿ ಫೋನ್ ಎತ್ತುವ ಕೆಲಸದಲ್ಲಿದ್ದಳು. ಬಿಡುವಾದಾಗ ತರಗತಿಯ ಹಿಂದಿನ ಖಾಲಿ ಕುರ್ಚಿಯಲ್ಲಿ ಕುಳಿತು ಇದನ್ನು ಕಲಿತದ್ದು ಅಲ್ಲಿಯೇ.

ನೀಲಾ ಎಡಚಿ. ಮದುವೆಯಾಗಿ ಬಂದ ಹೊಸದರಲ್ಲಿ ಎಡಗೈಯಿಂದ ಸಾರು ಬಡಿಸಲು ಹೋದಾಗ ಅತ್ತೆ ಗಿರಿಜಾಬಾಯಿ ಸೌಟು ಕಸಿದುಕೊಂಡಿದ್ದರು. "ಎಡಗೈಲೆ ನೀಡಿದ್ದು ಉಂಡವ್ರಿಗೆ ದಕ್ಕಂಗಿಲ್ಲವಾ. ನಿಮ್ಮವ್ವ ಇಷ್ಟೂ ಹೇಳಿಲ್ಲೇನು?" ಅಂದಿನಿಂದ ಬಡಿಸುವುದು, ಕುಂಕುಮ ಕೊಡುವುದು, ರಂಗೋಲಿ ಎಲ್ಲವೂ ಬಲಗೈಗೆ ಬಂದವು. ಗೆರೆ ಇವತ್ತಿಗೂ ಸೊಟ್ಟ ಬರುತ್ತದೆ. ಯಾವ ಕೈ ಎಂದು ಕೇಳದಿದ್ದದ್ದು ಆ ಪೆಟ್ಟಿಗೆಯೊಂದೇ. ಅವಳ ಜೋಡಣೆಯಲ್ಲಿ ಮುಂದಿನ ಹಾಡು ಎಡಕ್ಕೆ ಏರುತ್ತದೆ, ಶರಣಕುಮಾರನದರಲ್ಲಿ ಬಲಕ್ಕೆ. ಹೆಡ್‌ಫೋನ್ ಹಾಕಿ ತನ್ನ ಕೈಗೆ ತಿರುಗಿಸಿಕೊಳ್ಳುವಳು, ಬೇಳೆ ಬೇಯುವಷ್ಟು ಹೊತ್ತು ನುಡಿಸುವಳು, ಮತ್ತೆ ಅವನ ಕೈಗೆ ತಿರುಗಿಸಿಡುವಳು.

ಹೋದ ತಿಂಗಳು ಒಂದು ದಿನ ಹಾಗೆ ತಿರುಗಿಸಿಡುವುದನ್ನು ಮರೆತಳು. ಓಣಿಯ ತುದಿಯ ಹಾಲ್‌ನಲ್ಲಿ ಮದುಮಗಳು ಒಳಗೆ ಕಾಲಿಡುವ ಹೊತ್ತಿಗೆ ಶರಣಕುಮಾರ ಬಲಕ್ಕೆ ಎಳೆದ. ಬರಬೇಕಾದ ಹಾಡು ಬರಲಿಲ್ಲ, ಇದ್ದದ್ದೂ ಸತ್ತಿತು. ಫೋನ್ ಬಂತು. ನೀಲಾ ಹಿಟ್ಟಿನ ಕೈಯಲ್ಲೇ ಓಡಿದಳು. ಅವನನ್ನು ಪಕ್ಕಕ್ಕೆ ಸರಿಸಿ ಎಡಗೈಯಿಂದ ಹಾಡು ಎತ್ತಿದಳು. ಹೆಂಗಸರು ಕುಣಿಯತೊಡಗಿದ್ದು ನೋಡಿ ಇನ್ನೆರಡು ಹಾಡು ಮುಗಿಯುವವರೆಗೆ ಪೆಟ್ಟಿಗೆ ಬಿಟ್ಟುಕೊಡಲಿಲ್ಲ. ಮನೆಗೆ ಬಂದ ಮೇಲೆ ಶರಣಕುಮಾರ ಲ್ಯಾಪ್‌ಟಾಪಿನಲ್ಲಿದ್ದ ಅವಳ ಜೋಡಣೆಯನ್ನು ಅಳಿಸಿಹಾಕಿದ. "ಇನ್ನ ಮ್ಯಾಲೆ ಒಂದಽ ಇರ್ಲಿ. ನಂದು." ಅಲ್ಲಿಂದ ನೀಲಾ ದಿನವೂ ನಸುಕಿನಲ್ಲಿ ಅದನ್ನು ಮೊದಲಿನಿಂದ ಕಟ್ಟುತ್ತಿದ್ದಳು, ಬೆಳಕು ಹರಿಯುವ ಮೊದಲು ಬಿಚ್ಚುತ್ತಿದ್ದಳು.

ಅಂದು ಹಾಲ್‌ನಲ್ಲಿ ಕುಣಿದವರಲ್ಲಿ ಹಿಮಾಯತ್‌ನಗರದ ಸ್ನೇಹಲತಾ ಒಬ್ಬರು. ಮಗಳ ಅರಿಷಿಣದ ಕಾರ್ಯಕ್ಕೆ ಅವರು ಫೋನ್ ಮಾಡಿದ್ದು ನೀಲಾಳಿಗೆ. "ಬರೇ ಹೆಣ್ಮಕ್ಕಳ ಕಾರ್ಯಕ್ರಮ ರೀ. ಗಂಡಸ್ರು ಬ್ಯಾಡ. ನೀವಽ ಬರ್ರಿ, ನಿಮ್ಮ ಹೆಸರು ಬೋರ್ಡಿಗೆ ಹಾಕಸ್ತೀನಿ." ಶರಣಕುಮಾರ ಒಂದು ದಿನ ಮುಖ ಊದಿಸಿಕೊಂಡು, ಆಮೇಲೆ ಹೂಂ ಎಂದ. ಪಂಚಾಂಗದ ಲೆಕ್ಕಕ್ಕೆ ವರ್ಷವರ್ಷ ಸರಿಯುವ ಮಾವನವರ ಪುಣ್ಯಸ್ಮರಣೆ ಅದೇ ಬೆಳಿಗ್ಗೆಗೆ ಬರುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆದದ್ದು ಹಿಂದಿನ ಸಂಜೆ, ಸ್ಪೀಕರ್ ಬಾಕ್ಸುಗಳು ಹಿಮಾಯತ್‌ನಗರಕ್ಕೆ ಹೋಗಿಯಾದ ಮೇಲೆ.

"ಸ್ವಾಮಿಗೋಳು ಊಟಕ್ಕ ಬರ್ತಾರ. ನೀ ಹೋದ್ರ ಹೋಳಿಗಿ ಯಾರು ಮಾಡವ್ರು?" ಎಂದರು ಗಿರಿಜಾಬಾಯಿ.

"ಒಂದ್ ವರ್ಷ ಅಂಗಡ್ಯಾಗಿಂದ ತರೂಣಲ್ರಿ ಅತ್ತಿ."

"ಹೊರಗಿನ ಚಾ ಸುದ್ದಾ ಮುಟ್ಟಲಿಲ್ಲ ನಿಮ್ಮ ಮಾವ. ಅವ್ರ ಹೆಸರಿಗೆ ಅಂಗಡಿ ಹೋಳಿಗಿ ನೀಡ್ತೀ?"

ಶರಣಕುಮಾರ ಫೋನಿನಿಂದ ತಲೆ ಎತ್ತಲಿಲ್ಲ. "ಜಗಳ ಯಾಕ? ನಾ ಹೋಗ್ತೀನಿ ಬಿಡವಾ."

"ಗಂಡಸ್ರು ಬ್ಯಾಡ ಅಂದಾರಲ್ರಿ ಅವ್ರು," ಎಂದಳು ನೀಲಾ.

"ಪಡದಾ ಹಿಂದ ಕುಂದರ್ತೀನಿ. ಬೋರ್ಡಿನ ಮ್ಯಾಲೆ ನಿನ್ನ ಹೆಸರಽ ಇರ್ಲಿ. ಒಳಗ ಯಾರ ಕೈ ಐತಿ ಅಂತ ಯಾರು ನೋಡ್ತಾರ?"

"ನಿಮ್ಮಪ್ಪಾರ ಸ್ಮರಣಿಗೆ ನೀವು ಇರಂಗಿಲ್ಲೇನ್ರಿ?"

"ನಾ ಇದ್ದು ಏನು ಲಟ್ಟಸ್ತೀನಿ?" ಎಂದು ಅವನು ನಕ್ಕ. ಗಿರಿಜಾಬಾಯಿಯೂ ನಕ್ಕರು. "ನಸುಕಿನ್ಯಾಗ ಪೆಟ್ಟಿಗಿ ನನ್ನ ಕೈಗೆ ಮಾಡಿಡು. ಮತ್ತ ಮರ್ತಗಿರ್ತೀ."

ನೀಲಾ ಕಡಲೆಬೇಳೆ ಅಳೆಯಲು ಎದ್ದಳು.

ಮರುದಿನ ಎಲ್ಲ ಕೆಲಸವೂ ಎಂದಿನ ಸಾಲಿನಲ್ಲೇ ನಡೆಯಿತು. ಗೀಸರ್, ರಂಗೋಲಿ, ಹಾಲು, ಬಿಸಿನೀರು, ಡಬ್ಬಿ, ಇಸ್ತ್ರಿ. ಕಣಕ ನಾದಿ ಒದ್ದೆ ಬಟ್ಟೆ ಮುಚ್ಚಿದಳು. ಬೇಳೆ ಬೇಯಲಿಟ್ಟು ಪೆಟ್ಟಿಗೆಯ ವೈರ್ ಲ್ಯಾಪ್‌ಟಾಪಿಗೆ ಚುಚ್ಚಿದಳು. ಅಭ್ಯಾಸಬಲದಿಂದ ಕೈ ತನ್ನ ಜೋಡಣೆಯನ್ನೇ ಕಟ್ಟಿತು. ಹೆಡ್‌ಫೋನಿನಲ್ಲಿ ಹಾಡು ಎಡಕ್ಕೆ ಏರಿತು, ಇಳಿಯಿತು, ಮತ್ತೆ ಏರಿತು. ಒಳಗೆ ಶರಣಕುಮಾರ ಮಗ್ಗಲು ಬದಲಿಸಿದ ಸದ್ದು. ಬೇಳೆ ಬೆಂದಿತ್ತು. ಬಸಿದು, ಕಟ್ಟಿನ ಸಾರಿಗೆಂದು ಬೇಳೆಯ ನೀರನ್ನು ಬೇರೆ ಪಾತ್ರೆಗೆ ತೆಗೆದಿಟ್ಟಳು.

ಇನ್ನು ಉಳಿದದ್ದು ಅವನ ಕೈಗೆ ತಿರುಗಿಸುವುದು. ಪರದೆಯಲ್ಲಿ ಎಡ ಬಲ ಅದಲುಬದಲು ಮಾಡಿದರೆ ಮುಗಿಯಿತು. ನೀಲಾ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಳು. ತಾನೇ ಕಾರ್ಯಕ್ರಮಕ್ಕೆ ಹೋದರೆ ಏನಾಗುತ್ತದೆ ಎಂಬುದರಲ್ಲಿ ಅವಳಿಗೆ ಅನುಮಾನ ಇರಲಿಲ್ಲ. ಸ್ವಾಮಿಗಳ ಎದುರು ಅತ್ತೆ ಅಳುತ್ತಾರೆ. ತವರಿಗೆ ಫೋನ್ ಹೋಗುತ್ತದೆ. ತನ್ನ ತಾಯಿ ತನ್ನನ್ನೇ ಬೈಯುತ್ತಾಳೆ. ಈ ಪೆಟ್ಟಿಗೆ ಬೀರುವಿನೊಳಗೆ ಸೇರಿ ಬೀಗ ಬೀಳಬಹುದು. ಸಂಜೆ ಮರಳಿದಾಗ ಸಿಂಕ್ ತುಂಬಿರುತ್ತದೆ, ಅದನ್ನು ತೊಳೆಯುವವಳೂ ತಾನೇ. ಇನ್ನೊಂದು ಕಾರ್ಯಕ್ರಮ ಸಿಗುತ್ತದೆಂಬ ಭರವಸೆಯೂ ಇರಲಿಲ್ಲ.

ಜೋಡಣೆಯನ್ನು ಇದ್ದ ಹಾಗೆಯೇ ಉಳಿಸಿದಳು. ವೈರ್ ಕಿತ್ತು ಸುತ್ತಿದಳು. ಪೆಟ್ಟಿಗೆಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಲ್ಯಾಪ್‌ಟಾಪಿನ ಜೊತೆ ಬ್ಯಾಗಿಗೆ ಇಳಿಸಿದಳು. ಪಿಂಕಿಯ ಹೊದಿಕೆ ಸರಿಮಾಡಿ ಬಂದಳು. ಗ್ಯಾಸಿನ ಕೀಲಿ ತಿರುಗಿಸಿ ಮುಚ್ಚಿದಳು. ಬ್ಯಾಗು ಹೆಗಲಿಗೇರಿಸಿ, ಚಪ್ಪಲಿ ಕೈಯಲ್ಲಿ ಹಿಡಿದು, ಬಾಗಿಲು ಸದ್ದಾಗದಂತೆ ಎಳೆದುಕೊಂಡಳು.

ಕಟ್ಟೆಯ ಮೇಲೆ ಬಸಿದ ಬೇಳೆ ಆರುತ್ತಿತ್ತು. ಕಟ್ಟಿನ ಸಾರಿಗೆ ಒಗ್ಗರಣೆ ಬಿದ್ದಿರಲಿಲ್ಲ.