ಬ್ಯಾಕಪ್ಪನ ಮೂರು ಡಬ್ಬಿ

ಬಾಟಲಿ ಮುಚ್ಚಳದ ಕಾರ್ಖಾನೆಯಲ್ಲಿ ಸೊಟ್ಟ ಮುಚ್ಚಳಗಳನ್ನು ಆರಿಸಿ ಎಸೆಯುವುದು ಅವನ ಕೆಲಸ. ಬೆಲ್ಟಿನ ಮೇಲೆ ಎಷ್ಟೇ ರಭಸದಲ್ಲಿ ಬಂದರೂ ಅಂಚು ಮುಕ್ಕಾದದ್ದು ಅವನ ಕಣ್ಣು ತಪ್ಪಿಸಿ ಹೋದದ್ದಿಲ್ಲ. ಆ ಕಣ್ಣನ್ನು ಗೇಟಿನಲ್ಲೇ ಬಿಟ್ಟು ಬಂದಿದ್ದರೆ ಸಂಸಾರ ನೆಮ್ಮದಿಯಾಗಿರುತ್ತಿತ್ತು. ಅವನು ಅದನ್ನು ಮನೆಗೂ ತರುತ್ತಿದ್ದ.

ಮನೆಯ ಫೋಟೋಗಳನ್ನೆಲ್ಲ ಅವನು ಮೂರು ಹಾರ್ಡ್ ಡಿಸ್ಕ್‌ಗಳಲ್ಲಿ ಇಟ್ಟಿದ್ದ. ಒಂದು ಕಪಾಟಿನಲ್ಲಿ, ಒಂದು ಕಾರ್ಖಾನೆಯ ಡ್ರಾಯರಿನಲ್ಲಿ, ಒಂದು ಭಾವಮೈದನ ಮನೆಯ ಅಟ್ಟದಲ್ಲಿ. ಕಳ್ಳ ಬಂದರೆ ಒಂದು, ಬೆಂಕಿ ಬಿದ್ದರೆ ಇನ್ನೊಂದು, ಪ್ರಳಯವಾದರೆ ಮತ್ತೊಂದು. ಪ್ರಳಯವಾದ ಮೇಲೆ ನೋಡುವವರು ಯಾರು ಎಂದು ಕೇಳಿದ ಭಾವಮೈದನೇ ಅವನಿಗೆ ‘ಬ್ಯಾಕಪ್ಪ’ ಎಂದು ಹೆಸರಿಟ್ಟದ್ದು. ನೆಂಟರ ಮನೆಯಲ್ಲಿ ಕುಳಿತು ಬೆನ್ನು ಕುರ್ಚಿಗೆ ತಾಗುವ ಮೊದಲೇ “ನಿಮ್ಮ ಫೋಟೋ ಎಲ್ಲೆಲ್ಲಿ ಇಟ್ಟಿದೀರಿ?” ಎಂದು ವಿಚಾರಣೆ ಶುರು ಮಾಡುವವನಿಗೆ ಅದು ಅಂಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ತಿಂಗಳಿಗೊಮ್ಮೆ ಮೂರನ್ನೂ ತರಿಸಿ ತಪಾಸಣೆ. ಕಣ್ಣು ಮುಚ್ಚಿದ್ದು, ತಲೆ ಕತ್ತರಿಸಿದ್ದು, ಅಲ್ಲಾಡಿದ್ದು ಎಲ್ಲಕ್ಕೂ ಗೇಟ್ ಪಾಸ್. ಒಂದರಲ್ಲಿ ಅಳಿಸಿದ್ದನ್ನು ಉಳಿದೆರಡರಲ್ಲೂ ಮರೆಯದೆ ಅಳಿಸುತ್ತಿದ್ದ. ಮೂರೂ ತಾಳೆಯಾಗಬೇಕು, ಇಲ್ಲದಿದ್ದರೆ ಅದು ಗುಜರಿ ಎಂಬುದು ಅವನ ಮತ. ಹೆಂಡತಿಯ ಒಡಕು ಗಾಜಿನ ಫೋನನ್ನಂತೂ ಅವನು ಕರೆಯುತ್ತಿದ್ದದ್ದೇ ಕಸದ ಬುಟ್ಟಿ ಎಂದು.

ಅತ್ತೆ ತೀರಿಕೊಂಡ ಕೆಲ ದಿನಗಳಿಗೆ ಹೆಂಡತಿ ಕೇಳಿದಳು. “ಅಮ್ಮಂದು ಒಂದು ಫೋಟೋ ಕೊಡಿ. ಹಾಲ್‌ನಲ್ಲಿ ಹಾಕೋಣ.”

“ಒಂದಾ? ಆರಿಸೋಕೆ ಸುಸ್ತಾಗ್ಬೇಕು, ಅಷ್ಟು ಕೊಡ್ತೀನಿ.”

ಕಪಾಟಿನ ಡಿಸ್ಕ್ ತೆರೆದ. ಹೊಸ ಸೋಫಾ ಸಿಕ್ಕಿತು. ಕಾರು ನಾಲ್ಕೂ ದಿಕ್ಕಿನಿಂದ ಸಿಕ್ಕಿತು. ಸಾಲಾಗಿ ನಿಂತ ನೆಂಟರ ಪಕ್ಕದಲ್ಲಿ, ಅಂಚಿನಾಚೆಗೆ ಓಡುತ್ತಿದ್ದ ಅತ್ತೆಯ ಒಂದು ಮೊಣಕೈ ಸಿಕ್ಕಿತು. ಅಷ್ಟೇ. ಡ್ರಾಯರಿನ ಡಿಸ್ಕಿನಲ್ಲೂ ಅದೇ ಮೊಣಕೈ. ಭಾವಮೈದ ಅಟ್ಟದಿಂದ ಇಳಿಸಿ ತಂದದ್ದರಲ್ಲೂ ಅದೇ.

“ತಾಳೆ ಆಯ್ತಲ್ಲ ಭಾವ,” ಎಂದ ಭಾವಮೈದ. “ಪ್ರಳಯ ಆದ್ರೂ ಅಮ್ಮನ ಮೊಣಕೈಗೆ ಮಾತ್ರ ಏನೂ ಆಗಲ್ಲ.”

“ಎಲ್ಲಾ ಅಲ್ಲಾಡಿಬಿಟ್ಟಿದ್ವು ಕಣೋ. ಕ್ಯಾಮೆರಾ ಎತ್ತಿದ್ರೆ ಸಾಕು, ನಗೋರು, ಇಲ್ಲಾ ಅಡುಗೆಮನೆಗೆ ಓಡೋರು. ಮುಖಾನೇ ಸರಿಯಾಗಿ ಬಿದ್ದಿರ್ಲಿಲ್ಲ.”

ಹೆಂಡತಿ ದನಿ ಏರಿಸಲಿಲ್ಲ. “ಅಮ್ಮ ಅಲ್ಲಾಡದೆ ಇದ್ದಿದ್ದು ಒಂದೇ ದಿನ. ಅವತ್ತು ನೀವು ಫೋಟೋ ತೆಗೀಲಿಲ್ಲ.”

ಅವಳು ತನ್ನ ಕಸದ ಬುಟ್ಟಿಯಲ್ಲಿ ಬೆರಳಾಡಿಸಿದಳು. ಸ್ವಲ್ಪ ಹೊತ್ತಿಗೆ ಬೆರಳು ನಿಂತಿತು. ಒಡಕು ಗಾಜಿನ ಹಿಂದೆ ಅತ್ತೆ ಸೌಟು ಎತ್ತಿಕೊಂಡು ನಗುತ್ತಿದ್ದರು. ನಗುವಿನ ಭರಕ್ಕೆ ಮುಖ ಒಂದಿದ್ದದ್ದು ಒಂದೂವರೆಯಾಗಿತ್ತು. ಮೂಲೆಯಲ್ಲಿ ತೆಗೆದವಳ ಹೆಬ್ಬೆರಳೂ ಬಿದ್ದಿತ್ತು. ಕಾರ್ಖಾನೆಯ ಲೆಕ್ಕದಲ್ಲಿ ನೋಡಿದ ಕೂಡಲೇ ಎಸೆಯುವ ಮಾಲು.

ಬ್ಯಾಕಪ್ಪ ಕೇಬಲ್ ಎತ್ತಿಕೊಂಡ. “ಕೊಡು, ಮೂರರಲ್ಲೂ ಹಾಕಿಡ್ತೀನಿ.”

ಅವಳು ಫೋನನ್ನು ತಮ್ಮನ ಕೈಗೆ ಕೊಟ್ಟಳು. “ದೊಡ್ಡದಾಗಿ ಪ್ರಿಂಟ್ ಹಾಕಿಸ್ಕೊಂಡು ಬಾ. ಅಂಗಡಿಯವನು ಸರಿ ಮಾಡ್ತೀನಿ ಅಂದ್ರೆ ಬೇಡ ಅನ್ನು.”

ಈಗ ಹಾಲಿನ ಗೋಡೆಯಲ್ಲಿ ಅತ್ತೆ ಒಂದೂವರೆ ಮುಖದಲ್ಲಿ ನಗುತ್ತಾರೆ. ಚೌಕಟ್ಟು ಎಡಕ್ಕೆ ಒಂದು ಎಳ್ಳಷ್ಟು ವಾಲಿದೆ. ಕೆಲಸದಿಂದ ಬಂದವನ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಮೊನ್ನೆ ತಡೆಯಲಾರದೆ ಸ್ಟೂಲ್ ಎಳೆದು ಹತ್ತಿದ.

“ಮುಟ್ಬೇಡಿ,” ಎಂದಿತು ಒಳಗಿನಿಂದ ಒಂದು ದನಿ.

ಅವನು ಇಳಿದು, ಸ್ಟೂಲನ್ನು ನೆಟ್ಟಗೆ ಇಟ್ಟ.