ಅಣಬೆ ಕೋಣೆಯ ಉಪ್ಪಕ್ಕ

ಅಣಬೆ ಬೆಳೆಯುವ ಆ ಶೆಡ್ಡಿನಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಸೊಂಟದ ಚೀಲದಲ್ಲಿ ಸದಾ ಒಂದು ಡಬ್ಬಿ ಪುಡಿಯುಪ್ಪು ಇಟ್ಟುಕೊಂಡು ಓಡಾಡುತ್ತಿದ್ದಳು, ಹಾಗಾಗಿ ಎಲ್ಲರ ಬಾಯಲ್ಲೂ ಉಪ್ಪಕ್ಕನೇ ಆದಳು. ಕೋಪ ಮೂಗಿನ ತುದಿಯಲ್ಲೇ. ಕೈ ತೊಳೆಯದೆ ಕೋಣೆಗೆ ಕಾಲಿಟ್ಟವರು ಯಾರೇ ಆಗಲಿ, ನಿಂತಲ್ಲೇ ಅವರ ಮುಖದ ನೀರಿಳಿಸಿಬಿಡುತ್ತಿದ್ದಳು.

ಯಜಮಾನಿ ಗಂಡ ಸತ್ತ ಮೇಲೆ ಒಂದೇ ಕೋಣೆಯಲ್ಲಿ ಈ ಕೆಲಸ ಶುರು ಮಾಡಿದಾಗ ಜೊತೆಗಿದ್ದವಳು ಉಪ್ಪಕ್ಕ ಒಬ್ಬಳೇ. ಗೊಬ್ಬರ ಹೊತ್ತಿದ್ದು, ಅದನ್ನು ಹರಡಲು ಅಟ್ಟಣಿಗೆ ಕಟ್ಟಿದ್ದು, ಬಾಯ್ಲರಿನ ಹಬೆಗೆ ಮೊಣಕೈ ಸುಟ್ಟುಕೊಂಡಿದ್ದು, ಎಲ್ಲ ಇಬ್ಬರೂ ಸೇರಿಯೇ. ಆಮೇಲೆ ಎರಡನೆಯ ಕೋಣೆ ಎದ್ದಿತು. ಅದರ ಬೆನ್ನಿಗೇ ಯಜಮಾನಿಯ ತಮ್ಮನೂ ಬಂದ. ಯಾವ ಕೆಲಸದಲ್ಲೂ ನಿಲ್ಲದ ಆಸಾಮಿ, ಅಕ್ಕನ ಮನೆಯಲ್ಲಿ ಉಂಡು, ಅಕ್ಕನ ಶೆಡ್ಡಿಗೆ ಮ್ಯಾನೇಜರಾಗಿ ಕೂತ. ಕೆಲಸದ ಹೆಂಗಸರು ಅವನಿಗೆ ತಮ್ಮಯ್ಯ ಎಂದು ಹೆಸರಿಟ್ಟರು. ಅವನನ್ನು ಬೂಷ್ಟಿಗೆ ಹೋಲಿಸಿ ಒಬ್ಬಳು ನಕ್ಕಾಗ ಉಪ್ಪಕ್ಕ ಗದರಿದಳು.

"ಬೂಷ್ಟಿಗ್ಯಾಕೆ ಅವಮಾನ ಮಾಡ್ತೀಯೇ? ಅದು ಹಗಲೂ ರಾತ್ರಿ ದುಡಿಯುತ್ತೆ."

ದುಡಿಯುತ್ತದೆ, ನಿಜ. ಅಣಬೆಯೂ ಬೂಷ್ಟಿನ ಜಾತಿಯದೇ. ಆ ಅಣಬೆಯನ್ನೇ ತಿಂದು ಬದುಕುವ ಇನ್ನೊಂದು ಬೂಷ್ಟಿದೆ. ಕಣ್ಣಿಗೆ ಕಾಣದ ಅದರ ಪುಡಿ ಕೈಯಲ್ಲಿ, ಉಟ್ಟ ಬಟ್ಟೆಯಲ್ಲಿ, ಚಾಕುವಿನಲ್ಲಿ, ನೊಣದ ಕಾಲಿನಲ್ಲಿ, ಸಿಡಿದ ನೀರಿನ ಹನಿಯಲ್ಲಿ ಬರುತ್ತದೆ. ಮಣ್ಣಿನಲ್ಲಿ ಹರಡಿದ ಅಣಬೆಯ ಬಿಳಿ ಎಳೆಗಳ ನಡುವೆ ತನ್ನ ಎಳೆಯನ್ನೂ ತೂರಿಸುತ್ತದೆ. ತಕ್ಷಣ ಕೊಲ್ಲುವುದಿಲ್ಲ. ಕೊಂದರೆ ನಾಳೆಯ ಊಟ ಎಲ್ಲಿಂದ? ಅಣಬೆ ಗೊಬ್ಬರದಿಂದ ಹೀರಿದ್ದನ್ನು ಇದು ಅಣಬೆಯಿಂದ ಹೀರುತ್ತದೆ. ಹುಟ್ಟುವ ಮೊಗ್ಗಿಗೆ ಕಾಲು ಯಾವುದು, ಕೊಡೆ ಯಾವುದು ಎಂಬುದೇ ಮರೆತುಹೋಗುತ್ತದೆ. ಕಲಸಿಟ್ಟ ಹಿಟ್ಟಿನಂಥ ಮುದ್ದೆ ಏಳುತ್ತದೆ, ಮೈಮೇಲೆ ಕಂದು ಹನಿ, ಹತ್ತಿರ ಹೋದರೆ ಕೊಳೆತ ನಾತ. ಅದನ್ನು ಬರಿಗೈಯಲ್ಲಿ ಮುಟ್ಟಬಾರದು. ಪುಡಿ ಹಾರದಂತೆ ಒದ್ದೆ ಕಾಗದ ಮುಚ್ಚಿ, ಸುತ್ತ ಉಪ್ಪು ಸುರಿದು, ಕಾಗದದ ಸಮೇತ ಎತ್ತಿ ಸುಡಬೇಕು. ನೀರು ಹಾಕುವುದೆಲ್ಲ ಅದಾದ ಮೇಲೆ.

ಒಂದು ಮಧ್ಯಾಹ್ನ ಹಳೆಯ ಕೋಣೆಯಲ್ಲಿ ಅಂಥ ನಾಲ್ಕಾರು ಮುದ್ದೆ ಕಂಡವು. ಉಪ್ಪಕ್ಕ ಕಾಗದ ಮುಚ್ಚಿ, ಉಪ್ಪು ಸುರಿದು, ಅವನ್ನು ತುಂಬಲು ತಗಡಿನ ಡಬ್ಬ ತರಲು ಹಿತ್ತಲಿಗೆ ಹೋದಳು. ಅಷ್ಟರಲ್ಲಿ ತಮ್ಮಯ್ಯ ಬಂದ. ಯಾರೋ ಹೋಟೆಲಿನವರು ಶೆಡ್ಡು ನೋಡಲು ಬರುವವರಿದ್ದರು. ಕಾಗದದ ಚೂರುಗಳು ಅವನ ಕಣ್ಣಿಗೆ ಕೊಳಕಾಗಿ ಕಂಡವು. ಕಿತ್ತೆಸೆದ. ಪೈಪು ಹಿಡಿದು ಅಟ್ಟಣಿಗೆಗಳನ್ನೆಲ್ಲ ತೊಳೆದ. ಉಪ್ಪಕ್ಕ ಬಂದು ನೋಡುವಾಗ ಮೇಲಿನ ಅಟ್ಟಣಿಗೆಯ ನೀರು ಕೆಳಗಿನದಕ್ಕೆ ತೊಟ್ಟಿಕ್ಕುತ್ತಿತ್ತು.

"ಏನ್ ಮಾಡಿದ್ರಿ ನೀವು?"

"ಕ್ಲೀನ್ ಮಾಡ್ದೆ. ನಿಮ್ ಕೈಲಿ ಆಗದೇ ಇದ್ದಿದ್ದನ್ನ."

ಎರಡು ವಾರ ತುಂಬುವುದರೊಳಗೆ ಹಳೆಯ ಕೋಣೆಯ ಅರ್ಧಕ್ಕರ್ಧ ಬರೀ ಮುದ್ದೆ. ತಮ್ಮಯ್ಯ ಏನು ಹೇಳಿದ ಗೊತ್ತೇ? ಉಪ್ಪಕ್ಕನಿಗೆ ವಯಸ್ಸಾಯಿತು, ಕಣ್ಣು ಕಾಣುವುದಿಲ್ಲ, ರೋಗವನ್ನು ಹೊತ್ತಿಗೆ ಸರಿಯಾಗಿ ಹಿಡಿಯಲಿಲ್ಲ ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಯಜಮಾನಿ ಅದನ್ನು ಕೇಳಿ ಸುಮ್ಮನಿದ್ದಳು. ಆ ಸುಮ್ಮನಿದ್ದದ್ದಕ್ಕೆ ಉಪ್ಪಕ್ಕನ ಹೊಟ್ಟೆ ಉರಿದಷ್ಟು ತಮ್ಮಯ್ಯನ ಮಾತಿಗೂ ಉರಿಯಲಿಲ್ಲ.

ಆದರೆ ಉರಿದುಕೊಳ್ಳುತ್ತ ಕೂರುವ ಹೊತ್ತಲ್ಲ ಅದು. ಓಣಿಯ ಆಚೆಗಿನ ಹೊಸ ಕೋಣೆಯಲ್ಲಿ ಬಿಳಿ ಎಳೆಗಳು ಆಗಷ್ಟೇ ಮಣ್ಣಿನ ಮೇಲೆ ಇಣುಕುತ್ತಿದ್ದವು. ಅದೂ ಹೋದರೆ ಶೆಡ್ಡಿಗೆ ಬೀಗವೇ ಗತಿ. ಮರುದಿನ ಬೆಳಗ್ಗೆ ಉಪ್ಪಕ್ಕ ಹಳೆಯ ಕೋಣೆಯೊಳಗೆ ಒಂದು ಸುತ್ತು ಹಾಕಿ ಬಂದು ಯಜಮಾನಿಯ ಮುಂದೆ ನಿಂತಳು.

"ಅಕ್ಕಾ, ಹಳೇ ಕೋಣೆಗೆ ಹಬೆ ಬಿಟ್ಬಿಡೋಣ. ಬೆಳೆ ಸಮೇತ ಬೇಯ್ಲಿ."

"ಇನ್ನೂ ಅರ್ಧ ಚೆನ್ನಾಗಿದೆಯಲ್ಲೇ? ನಾಲ್ಕು ದಿನ ಕಿತ್ಕೊಂಡು ಆಮೇಲೆ ಬಿಡೋಣ. ಹೋಟೆಲಿನವರಿಗೆ ಮಾತು ಕೊಟ್ಟಿದ್ದಾನೆ ಅವನು."

"ನಾಲ್ಕು ದಿನ ಆ ಬಾಗಿಲು ತೆಗೆದು ಹಾಕಿ ಮಾಡಿದ್ರೆ ಹೊಸ ಕೋಣೆ ಉಳಿಯುತ್ತಾ? ನೊಣಕ್ಕೆ ನಿನ್ನ ತಮ್ಮ ಮಾತು ಕೊಟ್ಟಿದ್ದು ಗೊತ್ತಾಗುತ್ತಾ?"

"ಅವನೇನೇ ಮಾಡ್ಲಿ, ನನ್ನ ಒಡಹುಟ್ಟಿದವನು ಕಣೇ. ಎಲ್ಲರ ಮುಂದೆ ಅವನ ಮಾತು ತೆಗೆದುಹಾಕು ಅಂತೀಯಾ?"

ಉಪ್ಪಕ್ಕ ನೇರ ಹೋಗಿ ಹಳೆಯ ಕೋಣೆಯ ಬಾಗಿಲು ಜಡಿದಳು, ಬೀಗ ಹಾಕಿದಳು, ಬಾಯ್ಲರಿನ ತಿರುಪು ತಿರುಗಿಸಿದಳು. ಹಬೆ ಬುಸುಗುಟ್ಟುತ್ತ ಒಳನುಗ್ಗಿತು. ತಮ್ಮಯ್ಯ ಓಡಿಬಂದು ಕೂಗಾಡಿದ. ಅವನ ಕೈ ತಿರುಪಿನತ್ತ ಹೋದಾಗ ಉಪ್ಪಕ್ಕ ಗೋಡೆಗೊರಗಿಸಿದ್ದ ಸಲಿಕೆ ಎತ್ತಿಕೊಂಡಳು. ಅವನು ಹಿಂದೆ ಸರಿದ. ಬಾಯಿ ಜೋರಿದ್ದಷ್ಟು ಎದೆ ಗಟ್ಟಿಯಿರಲಿಲ್ಲ ಅವನಿಗೆ.

ಸ್ವಲ್ಪ ಹೊತ್ತಿಗೆ ಬೆಂದ ಅಣಬೆಯ ಘಮ ಓಣಿಯ ತುಂಬ ಹಬ್ಬಿತು. ಒಳ್ಳೆಯವೂ ಕೆಟ್ಟವೂ ಒಟ್ಟಿಗೆ ಬೇಯುತ್ತಿದ್ದವು. ಕೆಲಸದ ಹೆಂಗಸರ ಬಾಯಲ್ಲಿ ನೀರೂರಿತು, ಆಮೇಲೆ ನಾಚಿಕೆಯಾಯಿತು. ಉಪ್ಪಕ್ಕನ ಕಣ್ಣಲ್ಲಿ ನೀರು ಬಂತು. ದುಃಖಕ್ಕಲ್ಲ, ಸಿಟ್ಟಿಗೆ.

ಯಜಮಾನಿ ಬಂದು ನಿಂತಳು. ತಮ್ಮನ ಮುಖ ನೋಡಿದಳು, ಇವಳ ಮುಖ ನೋಡಲಿಲ್ಲ.

"ನಾಳೆಯಿಂದ ನೀನು ಬರ್ಬೇಡ."

"ನಾಳೆ ಬರಲ್ಲಕ್ಕಾ. ಇವತ್ತು ಬಾಗಿಲು ತೆಗೆಯಲ್ಲ."

ಸಂಜೆಯವರೆಗೂ ಆ ಬಿಸಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಊಟಕ್ಕೂ ಏಳಲಿಲ್ಲ. ಹಬೆ ನಿಲ್ಲಿಸಿ, ಕೀಲಿಯನ್ನು ಯಜಮಾನಿಯ ಮೇಜಿನ ಮೇಲೆ ಕುಕ್ಕಿ ಹೊರಟಳು. ಓಣಿಯ ಕೊನೆಯಲ್ಲಿ ಹೊಸ ಕೋಣೆಯ ಮುಂದೆ ಕಾಲು ತಾನಾಗಿ ನಿಂತಿತು. ಅವಳೇ ಹರಡಿದ ಮಣ್ಣು, ಅವಳೇ ಕಾದ ಎಳೆಗಳು. ಒಂದು ಸಲ ನೋಡಿ ಹೋಗೋಣ ಎಂದು ಚಿಲಕಕ್ಕೆ ಕೈ ಹಾಕಿದಳು. ಆಮೇಲೆ ತನ್ನ ಸೀರೆ ನೋಡಿಕೊಂಡಳು. ಬೆಳಗ್ಗೆ ಹಳೆಯ ಕೋಣೆಯೊಳಗೆ ಓಡಾಡಿದ ಸೀರೆ ಅದು. ಚಿಲಕದಿಂದ ಕೈ ತೆಗೆದಳು.